ಆಕಾಶದ ಎ, ಬಿ, ಸಿ, ಡಿ ನನಗೆ ಅರ್ಥವಾದ ಬಗೆ

ಫ್ಲಾರಿಡಾದಲ್ಲಿ ವಿಮಾನ ಹಾರಿಸಲು ಕಲಿಯುವಾಗ ನನಗೆ ಲ್ಯಾಂಡಿಂಗ್‌ಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಪುಸ್ತಕದ ಒಂದು ಟೇಬಲ್. ಏರ್‌ಸ್ಪೇಸ್ ಕ್ಲಾಸ್, ಅಂದರೆ ಹಾರುವ ಆಕಾಶವನ್ನು ಹಂಚಿದ ವಿಭಾಗಗಳು: ಎ, ಬಿ, ಸಿ, ಡಿ, ಇ, ಜಿ. ಒಂದೊಂದರ ಮುಂದೆಯೂ ಎಷ್ಟು ಮೈಲಿ ಕಾಣಬೇಕು, ಮೋಡದಿಂದ ಎಷ್ಟು ಅಡಿ ದೂರ ಇರಬೇಕು, ಯಾರನ್ನು ಕೇಳಿ ಒಳಗೆ ಹೋಗಬೇಕು ಅಂತ ಬರೆದಿತ್ತು. ರಾತ್ರಿ ಮಗ್ಗಿ ಥರ ಬಾಯಿಪಾಠ ಮಾಡುತ್ತಿದ್ದೆ. ಬೆಳಗ್ಗೆ ಎಂಜಿನ್ ಶುರುವಾದ ಕೂಡಲೇ ಎಲ್ಲ ಕಲಸಿಹೋಗುತ್ತಿತ್ತು.

ಒಂದು ದಿನ ನನ್ನ ಇನ್‌ಸ್ಟ್ರಕ್ಟರ್ ಪುಸ್ತಕ ಮುಚ್ಚಿಸಿ ಒಂದೇ ಪ್ರಶ್ನೆ ಕೇಳಿದರು. "ಈ ಜಾಗದಲ್ಲಿ ನೀನು ಇನ್ನೊಂದು ವಿಮಾನಕ್ಕೆ ಗುದ್ದದ ಹಾಗೆ ನೋಡಿಕೊಳ್ಳುವವರು ಯಾರು?" ಆ ಪ್ರಶ್ನೆ ಹಿಡಿದುಕೊಂಡು ಹೋದರೆ ಟೇಬಲ್ ತಾನೇ ಬಿಡಿಸಿಕೊಳ್ಳುತ್ತದೆ.

ಹಾರುವವರಲ್ಲಿ ಎರಡು ಬಗೆ. ಕಣ್ಣಿಂದ ನೋಡಿಕೊಂಡು ಹಾರುವವರು ವಿಎಫ್‌ಆರ್. ಉಪಕರಣ ನೋಡಿಕೊಂಡು, ನೆಲದಿಂದ ರೇಡಿಯೋದಲ್ಲಿ ದಾರಿ ಹೇಳುವ ಕಂಟ್ರೋಲರ್ ಹೇಳಿದಂತೆ ಹಾರುವವರು ಐಎಫ್‌ಆರ್. ಐಎಫ್‌ಆರ್ ವಿಮಾನ ಮೋಡದೊಳಗೆ ಹೋಗಬಹುದು, ಕಲಿಯುವ ನಾವು ವಿಎಫ್‌ಆರ್, ಹೋಗುವಂತಿಲ್ಲ. ಮೋಡದಿಂದ ದೂರ ಇರಿ ಅನ್ನುವುದು ಇದಕ್ಕೇ. ಒಂದು ಜೆಟ್ ಮೋಡ ಸೀಳಿಕೊಂಡು ಹೊರಗೆ ಬಂದರೆ, ಇಬ್ಬರಿಗೂ ಒಬ್ಬರನ್ನೊಬ್ಬರು ನೋಡಿ ತಪ್ಪಿಸಿಕೊಳ್ಳಲು ಸಮಯ ಇರಬೇಕು ಅಲ್ವಾ?

18,000 ಅಡಿಯಿಂದ ಮೇಲಿನ ಕ್ಲಾಸ್ ಎ ಐಎಫ್‌ಆರ್‌ನವರದು, ಅದನ್ನು ಬಿಡೋಣ. ಕ್ಲಾಸ್ ಬಿ ಇರುವುದು ಓರ್ಲಾಂಡೋದಂಥ ದೊಡ್ಡ ಏರ್‌ಪೋರ್ಟ್‌ಗಳ ಸುತ್ತ. ತಲೆಕೆಳಗು ಮಾಡಿ ನಿಲ್ಲಿಸಿದ ಗುಡಿಯ ಗೋಪುರವನ್ನು ನೆನೆಸಿಕೊಳ್ಳಿ. ಕೆಳಗೆ ಚಿಕ್ಕದು, ಮೇಲೆ ಹೋದಂತೆ ಅಂತಸ್ತು ಅಂತಸ್ತಾಗಿ ಅಗಲ. ಓರ್ಲಾಂಡೋದಲ್ಲಿ ಅದು 10,000 ಅಡಿವರೆಗೆ ಇದೆ. ಇಷ್ಟು ಗಿಜಿಗುಡುವ ಜಾಗದಲ್ಲಿ ಮೋಡದ ನಿಯಮ ಮಾತ್ರ ತುಂಬ ಸಡಿಲ: 3 ಮೈಲಿ ಕಾಣಬೇಕು, ಮೋಡಕ್ಕೆ ತಾಗದಿದ್ದರೆ ಸಾಕು. ನನಗೆ ಇದು ಎಷ್ಟೋ ದಿನ ತಲೆಗೇ ಹೋಗಲಿಲ್ಲ. ಇನ್‌ಸ್ಟ್ರಕ್ಟರ್ ಪ್ರಶ್ನೆಗೆ ತಂದಿಟ್ಟಾಗ ಹೊಳೆಯಿತು. ಅಲ್ಲಿ ಪ್ರತಿ ವಿಮಾನವನ್ನೂ, ನಮ್ಮ ಪುಟ್ಟ ಸೆಸ್ನಾವನ್ನೂ ಸೇರಿಸಿ, ಕಂಟ್ರೋಲರ್ ದೂರ ದೂರ ಇಡುತ್ತಾರೆ. ಅದಕ್ಕೇ ಒಳಗೆ ಹೋಗುವುದು ಕಷ್ಟ. ಬ್ರಾವೋ (ರೇಡಿಯೋದಲ್ಲಿ ಬಿ ಅಕ್ಷರದ ಹೆಸರು) ಒಳಗೆ ಬರಲು ಕ್ಲಿಯರೆನ್ಸ್ ಕೊಟ್ಟೆವು ಅನ್ನುವ ಮಾತು ಕಿವಿಗೆ ಬೀಳಲೇಬೇಕು. ವಿದ್ಯಾರ್ಥಿ ಒಬ್ಬನೇ ಹೋಗುವುದಾದರೆ ಲಾಗ್‌ಬುಕ್‌ನಲ್ಲಿ ಇನ್‌ಸ್ಟ್ರಕ್ಟರ್ ಬರೆದುಕೊಟ್ಟ ಒಪ್ಪಿಗೆಯೂ ಬೇಕು.

ಕ್ಲಾಸ್ ಸಿ ಯಲ್ಲಿ ಐಎಫ್‌ಆರ್ ವಿಮಾನಗಳಿಂದ ನಮ್ಮನ್ನು ದೂರ ಇಡುತ್ತಾರೆ. ನಮ್ಮಂಥ ಇನ್ನೊಬ್ಬ ವಿಎಫ್‌ಆರ್ ಬಂದರೆ ಹೇಳುತ್ತಾರೆ, ನೋಡಿ ತಪ್ಪಿಸಿಕೊಳ್ಳುವ ಕೆಲಸ ನಮ್ಮದು. ಕ್ಲಾಸ್ ಡಿ ಯಲ್ಲಿ ಟವರ್ ಇರುತ್ತದೆ, ಆದರೆ ಗಾಳಿಯಲ್ಲಿ ನಮ್ಮ ಕಣ್ಣೇ ಕಾವಲು. ಕ್ಲಾಸ್ ಇ ಯಲ್ಲಿ ನಮಗೆ ಸಾಮಾನ್ಯವಾಗಿ ರೇಡಿಯೋ ಕೂಡ ಕಡ್ಡಾಯವಲ್ಲ. ಆದರೆ ಐಎಫ್‌ಆರ್‌ನವರೂ ಅಲ್ಲಿ ಇರುತ್ತಾರೆ. ಹಾಗಾಗಿ 10,000 ಅಡಿಯ ಕೆಳಗೆ ಈ ಮೂರಕ್ಕೂ ಒಂದೇ ಲೆಕ್ಕ: 3 ಮೈಲಿ ನೋಟ, ಮೋಡದ ಕೆಳಗೆ 500 ಅಡಿ, ಮೇಲೆ 1,000, ಪಕ್ಕಕ್ಕೆ 2,000. ಕ್ಲಾಸ್ ಜಿ ಯಲ್ಲಿ ಹಗಲು ಹೊತ್ತು, ನೆಲದಿಂದ 1,200 ಅಡಿಯೊಳಗೆ 1 ಮೈಲಿ ಕಂಡರೂ ಸಾಕು. ಆದರೆ ವಿದ್ಯಾರ್ಥಿ ಪೈಲಟ್‌ಗೆ ಹಗಲಲ್ಲಿ ಎಲ್ಲೇ ಆದರೂ 3 ಮೈಲಿ ಬೇಕು.

ಪಕ್ಕಕ್ಕೆ 2,000 ಅಡಿ ಅಂತ ಅಳೆಯುವುದು ಹೇಗೆ? ನಾವು ಹಾರುತ್ತಿದ್ದ ರನ್‌ವೇ ಸುಮಾರು 4,000 ಅಡಿ ಉದ್ದ. ಮೇಲಿಂದ ಅದನ್ನು ದಿನಾ ನೋಡಿ ನೋಡಿ, ಅದರ ಅರ್ಧವನ್ನು ಕಣ್ಣಲ್ಲಿ ಅಳತೆಗೋಲು ಮಾಡಿಕೊಂಡೆ. ಮೋಡದ ಎತ್ತರದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹವಾ ವರದಿಯಲ್ಲಿ ಅದನ್ನು ನೆಲದಿಂದ ಹೇಳುತ್ತಾರೆ, ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್ ಸಮುದ್ರ ಮಟ್ಟದಿಂದ ತೋರಿಸುತ್ತದೆ. ಫ್ಲಾರಿಡಾ ಕರಾವಳಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನ ನೆಲವೇ ಸುಮಾರು 3,000 ಅಡಿ ಎತ್ತರ. ಅಲ್ಲಿ ಮೋಡ 2,000 ಅಡಿಯಲ್ಲಿದೆ ಅಂದರೆ ಆಲ್ಟಿಮೀಟರ್‌ನಲ್ಲಿ ಅದು 5,000. ಭಾರತದ ಪರೀಕ್ಷೆಗೆ ಓದುವಾಗ ಅಕ್ಷರಗಳೂ ಡಿ, ಇ, ಎಫ್, ಜಿ ಅಂತ ಬೇರೆ ಇದ್ದವು. ಅಳತೆಯೂ ಬೇರೆ: ಕ್ಲಾಸ್ ಡಿ ಯಲ್ಲಿ, 10,000 ಅಡಿಯ ಕೆಳಗೆ, 5 ಕಿಲೋಮೀಟರ್ ನೋಟ, ಮೋಡದ ಮೇಲೂ ಕೆಳಗೂ 1,000 ಅಡಿ, ಪಕ್ಕಕ್ಕೆ 1,500 ಮೀಟರ್. ಅಮೆರಿಕದ ಟೇಬಲ್ ಬಾಯಿಪಾಠ ಮಾಡಿ ಬಂದವರು ಇಲ್ಲಿ ಎಡವುತ್ತಾರೆ.

ನಾನು ಎಡವಿದ್ದು ಕ್ಲಾಸ್ ಸಿ ಬಾಗಿಲಲ್ಲಿ. ಟೈಟಸ್‌ವಿಲ್ ಕಡೆಯಿಂದ ಕರಾವಳಿ ಹಿಡಿದು ಡೇಟೋನಾ ಬೀಚ್‌ಗೆ ಬರುತ್ತಿದ್ದೆವು. ಬಲಕ್ಕೆ ಅಟ್ಲಾಂಟಿಕ್, ಕೆಳಗೆ ಬಿಳಿ ಮರಳು. ಏರ್‌ಪೋರ್ಟ್ ಹತ್ತಿರ ಬರುವ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್ ಕಂಟ್ರೋಲರನ್ನು ರೇಡಿಯೋದಲ್ಲಿ ಕರೆದೆ. ಅವರು ಒಂದೇ ಸಮನೆ ಬೇರೆಯವರ ಜೊತೆ ಮಾತಾಡುತ್ತಿದ್ದರು. ನಡುವೆ, "ಕರೆದ ವಿಮಾನ, ಸ್ಟ್ಯಾಂಡ್‌ಬೈ", ಅಂದರೆ ಸ್ವಲ್ಪ ತಾಳಿ, ಅಂದರು. ಉತ್ತರ ಸಿಕ್ಕಿತಲ್ಲ ಅಂತ ನಾನು ನೇರ ಹೋಗುತ್ತಲೇ ಇದ್ದೆ.

"ನಮ್ಮ ವಿಮಾನದ ನಂಬರ್ ಹೇಳಿದರಾ?" ಇನ್‌ಸ್ಟ್ರಕ್ಟರ್ ಕೇಳಿದರು.

ನಾನು ಬಾಯಿ ಬಿಡುವ ಮೊದಲೇ ವಿಮಾನವನ್ನು ಸಮುದ್ರದ ಕಡೆಗೆ ತಿರುಗಿಸಿದರು. ಚಾರ್ಟ್‌ನಲ್ಲಿ, ಅಂದರೆ ಪೈಲಟ್‌ಗಳ ನಕ್ಷೆಯಲ್ಲಿ, ಕ್ಲಾಸ್ ಸಿ ಗಡಿ ತೋರಿಸುವ ನೇರಳೆಗೆಂಪು ಗೆರೆಗೆ 1 ಮೈಲಿಯೂ ಉಳಿದಿರಲಿಲ್ಲ. ನಿಯಮ ಸರಳ. ಕಂಟ್ರೋಲರ್ ನಮ್ಮ ನಂಬರ್ ಹೇಳಿ ಸ್ಟ್ಯಾಂಡ್‌ಬೈ ಅಂದರೆ ಸಂಪರ್ಕ ಆಯಿತು, ಒಳಗೆ ಹೋಗಬಹುದು. ನಂಬರ್ ಹೇಳದಿದ್ದರೆ ಹೊರಗೇ ಇರಬೇಕು. ನಾನು ಯಾರು ಅಂತಲೇ ಗೊತ್ತಿಲ್ಲದವರು ನನ್ನನ್ನು ಜೆಟ್‌ಗಳಿಂದ ದೂರ ಇಡುವುದು ಹೇಗೆ?

ಆಮೇಲೆ ಪ್ರತಿ ಹಾರಾಟಕ್ಕೂ ಮುಂಚೆ ಹಾಳೆಯ ಮೇಲೆ ದಾರಿಯನ್ನು ಅಡ್ಡದಿಂದ ನೋಡಿದ ಹಾಗೆ ಬರೆಯಲು ಶುರು ಮಾಡಿದೆ. ಚಾರ್ಟ್‌ನಲ್ಲಿ ಕ್ಲಾಸ್ ಬಿ ನೀಲಿ ಗಟ್ಟಿ ಗೆರೆ, ಡಿ ನೀಲಿ ತುಂಡು ಗೆರೆ. 40ರ ಕೆಳಗೆ 12 ಇದ್ದರೆ 4,000 ಅಡಿಯಿಂದ 1,200 ಅಡಿವರೆಗೆ ಅಂತ ಅರ್ಥ. ಅವುಗಳನ್ನು ಡಬ್ಬಿಗಳಾಗಿ ಬರೆದು, ಒಂದೊಂದು ಡಬ್ಬಿಯೊಳಗೂ 'ಯಾರು?' ಅನ್ನುವುದಕ್ಕೆ ಉತ್ತರ ಬರೆಯುತ್ತಿದ್ದೆ. ಕೊನೆಗೆ ನೋಟಾಮ್, ಅಂದರೆ ಪೈಲಟ್‌ಗಳಿಗೆ ಆಗಾಗ ಹೊರಡಿಸುವ ಸೂಚನೆಗಳನ್ನು, ನೋಡುವುದು. ಕೆನಡಿ ಸ್ಪೇಸ್ ಸೆಂಟರ್‌ನ ನಿರ್ಬಂಧಿತ ಆಕಾಶ ಚಾರ್ಟ್‌ನಲ್ಲೇ ಇದೆ, ಆದರೆ ರಾಕೆಟ್ ಹಾರುವ ದಿನ ಹೆಚ್ಚುವರಿಯಾಗಿ ಮುಚ್ಚುವ ಜಾಗ ಗೊತ್ತಾಗುವುದು ನೋಟಾಮ್‌ನಲ್ಲಿ ಮಾತ್ರ.

ಒಬ್ಬನೇ ಮೊದಲ ಸಲ ದೂರ ಹಾರಿದ ದಿನ ಅದೇ ಕರಾವಳಿ, ಅದೇ ಫ್ರೀಕ್ವೆನ್ಸಿ. ಹಾಳೆ ತೊಡೆಗೆ ಕಟ್ಟಿಕೊಂಡಿದ್ದೆ. ಗೆರೆಗೆ ಇನ್ನೂ 10 ಮೈಲಿ ಇರುವಾಗಲೇ ಕರೆದೆ. ಮೊದಲು ಸದ್ದಿಲ್ಲ. ಹೊರಗೇ ಒಂದು ಸುತ್ತು ಹಾಕಿ ಮತ್ತೆ ಕರೆದೆ. ಈ ಸಲ ನನ್ನ ನಂಬರ್ ಪೂರ್ತಿ ಕೇಳಿಸಿತು, ಹಿಂದೆಯೇ "ಸ್ಟ್ಯಾಂಡ್‌ಬೈ". ಮೂಗು ಉತ್ತರಕ್ಕೆ ತಿರುಗಿಸಿ ಒಳಗೆ ಹೋದೆ.