ಅಜ್ಜಿ ಓದಿಸದೆ ಬಿಟ್ಟ ಕೀರ್ತನೆ

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಜಾಸ್ತಿ ಓಡಾಡಿದ್ದು ಗದಗ–ಮುಂಡರಗಿ ದಾರಿಯಲ್ಲಿ. ನಿವೃತ್ತಿ ಆದ ಮೇಲೆ ಒಂದು ದಿನ ನಮ್ಮ ಚರ್ಚಿನ ಸಭಾಪಾಲಕರು ಕರೆದು, 'ಆಸ್ಪತ್ರೆ ಭೇಟಿಯ ಸೇವೆಗೆ ಬರ್ತೀರೇನ್ರಿ? ನಿಮಗ ಮಂದಿ ಜೋಡಿ ಮಾತಾಡಾಕ ಬರ್ತದ' ಅಂದರು. ಮಾತಾಡಲು ಬರುತ್ತಿತ್ತು ನಿಜ. ತೊಂದರೆ ಆದದ್ದೂ ಅದರಿಂದಲೇ.

ತರಬೇತಿ ಆರು ತಿಂಗಳು, ಪ್ರತಿ ಶನಿವಾರ. ಕೈ ತೊಳೆದುಕೊಂಡೇ ವಾರ್ಡಿಗೆ ಹೋಗಬೇಕು, ರೋಗಿಯ ಮಂಚದ ಮೇಲೆ ಕೂರಬಾರದು, ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು, ಕೇಳದೆ ಪ್ರಾರ್ಥನೆ ಮಾಡಬಾರದು, ಯಾರ ಧರ್ಮದ ತಂಟೆಗೂ ಹೋಗಬಾರದು. ಇವೆಲ್ಲ ಬೇಗ ರೂಢಿಯಾದವು. ಕಷ್ಟವಾದದ್ದು ವರ್ಬೇಟಿಮ್. ಅಂದರೆ, ರೋಗಿಯನ್ನು ನೋಡಿ ಬಂದ ಮೇಲೆ ಅವರು ಏನಂದರು, ನಾನು ಏನಂದೆ, ಎಲ್ಲಿ ಸುಮ್ಮನಾದೆ, ಎಲ್ಲವನ್ನೂ ನೆನಪಿನಿಂದ ಬರೆದು ತರಬೇಕು. ಗುಂಪಿನಲ್ಲಿ ಎಲ್ಲರೆದುರು ಓದಬೇಕು. 1925ರಲ್ಲಿ ಅಮೆರಿಕದ ವೂಸ್ಟರ್‌ನ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆ ಕರೆತಂದು ಕಲಿಸಲು ಶುರು ಮಾಡಿದರು. ಈ ಥರದ ತರಬೇತಿಯ ಬೇರು ಅಲ್ಲಿದೆ. ಬಾಯ್ಸನ್ ಸ್ವತಃ ಮಾನಸಿಕ ರೋಗಿಯಾಗಿ ಆಸ್ಪತ್ರೆಯಲ್ಲಿ ಇದ್ದು ಬಂದವರು. ಅದು ನನಗೆ ಯಾಕೋ ಬಹಳ ಹಿಡಿಸಿತು.

ನನ್ನ ಮೊದಲ ವರ್ಬೇಟಿಮ್ ಸೊಂಟ ಮುರಿದುಕೊಂಡ ಒಬ್ಬ ರೈತರದ್ದು. ಅವರು ಎಂಟು ಮಾತು ಆಡಿದ್ದರು, ನಾನು ಒಂದೂವರೆ ಪುಟ. ಕೊನೆಗೆ ಪ್ರಾರ್ಥನೆ. ಚಿಕ್ಕಂದಿನಿಂದ ಕೇಳಿದ ಸಾಲುಗಳು, ಎಲ್ಲೂ ತಡವರಿಸಲಿಲ್ಲ. ಓದಿ ಮುಗಿಸಿದಾಗ ಕಲಿಸುವವರು ಕೇಳಿದರು: 'ಪ್ರಾರ್ಥನೆ ಚೆನ್ನಾಗಿದೆ. ಯಾರ ಹತ್ತಿರ ಮಾತಾಡ್ತಾ ಇದ್ದಿರಿ?'

ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಭಾನುವಾರದ ಡ್ಯೂಟಿಯಿಂದ ನನ್ನ ನಂಬಿಕೆ ಆರಿತು ಅಂತ ನಾನು ಹೇಳಿಕೊಂಡು ಬಂದಿದ್ದೆ. ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಡಂಬಳದ ಸ್ಟಾಪಿನಲ್ಲಿ 'ರೈಟ್ ರೈಟ್' ಅನ್ನುತ್ತಿದ್ದೆ. ಹಾಗಾದರೆ ಈಗ ಪುರುಸೊತ್ತು ಇದೆಯಲ್ಲ, ಆರಿದ್ದನ್ನು ಹೊತ್ತಿಸೋಣ ಅಂತ ಹೊರಟೆ. ಒಂದು ವರ್ಷದಲ್ಲಿ ಇಡೀ ಸತ್ಯವೇದ, ಅಂದರೆ ಬೈಬಲ್, ಓದುವ ಪಟ್ಟಿ ತಂದೆ. ಒಟ್ಟು 1189 ಅಧ್ಯಾಯ, ದಿನಕ್ಕೆ ಮೂರು ನಾಲ್ಕು. ಮೂರನೆಯ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಗಾಡಿ ಕೆಟ್ಟು ನಿಂತಿತು. ಫೋನಿನಲ್ಲಿ ಪಾದ್ರಿಗಳ ಉಪದೇಶ, ದಿನಕ್ಕೆರಡು ಪ್ರಸಂಗ ಕೇಳಿದೆ. ಕೇಳುವಾಗ ಬೆಚ್ಚಗೆ, ಫೋನ್ ಇಟ್ಟರೆ ತಣ್ಣಗೆ. ಮೆಥಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಗೂ ಹೀಗೇ ಆಗಿತ್ತು ಅಂತ ಒಬ್ಬರು ಧೈರ್ಯ ಹೇಳಿದರು. 1738ರಲ್ಲಿ, ನಂಬಿಕೆಯೇ ಇಲ್ಲದವನು ಹೇಗೆ ಸಾರಲಿ ಅಂತ ಅವರು ಕೇಳಿದಾಗ ಪೀಟರ್ ಬ್ಯೋಲರ್ ಎಂಬ, ಮೊರೇವಿಯನ್ ಪಂಥದ ಗೆಳೆಯರು, ನಂಬಿಕೆ ಬರುವ ತನಕ ಅದನ್ನೇ ಸಾರುತ್ತಿರು ಅಂದಿದ್ದರಂತೆ. ಪ್ರಸಂಗ ಪೀಠಕ್ಕೆ ಅದು ಸರಿ ಇರಬಹುದು. ನೋವಿನಿಂದ ಮುಲುಗುವವರ ಪಕ್ಕ ನಿಂತು ನನ್ನಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಅನ್ನೋದು ನನಗೆ ಸರಿ ಕಾಣಲಿಲ್ಲ.

ಕೊನೆಗೆ ಟ್ರಂಕಿನಿಂದ ಅಜ್ಜಿಯ ಸತ್ಯವೇದ ತೆಗೆದೆ. ಅಜ್ಜಿ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಸಂಜೆ ಕಂದೀಲು ಹಚ್ಚಿ, ಚಾಪೆ ಹಾಸಿ, ನನ್ನನ್ನೂ ತಂಗಿಯನ್ನೂ ಕೂರಿಸುತ್ತಿದ್ದಳು. ಒಂದು ಹಾಡು. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಜೋರಾಗಿ. ಆಮೇಲೆ ಬರೀ ಹೆಸರುಗಳು: ಆ ದಿನ ವಾರ್ಡಿನಲ್ಲಿದ್ದವರದು, ಓಣಿಯವರದು, ಕರು ಹಾಕಬೇಕಿದ್ದ ಎಮ್ಮೆಯದೂ. ಅಷ್ಟೇ. ಬೆಟ್ಟಗಳ ಕಡೆ ಕಣ್ಣೆತ್ತಿ ನೋಡುವ 121ನೆಯ ಕೀರ್ತನೆ ಓದುವಾಗ ಆ ಬೆಟ್ಟ ಅಂದರೆ ಕಪ್ಪತಗುಡ್ಡ ಅಂತಲೇ ನಾನು ಬಹಳ ವರ್ಷ ನಂಬಿದ್ದೆ. ಸಹಾಯ ಆ ಕಡೆಯಿಂದ ಬರುತ್ತದೆ ಅಂತ.

ನಾನೂ ಹಾಗೇ ಶುರು ಮಾಡಿದೆ. ಸಂಜೆ ಏಳಕ್ಕೆ, ನೆಲದ ಮೇಲೆ. ಮಂಡಿ ನೋವು ಬಂದ ಮೇಲೆ ಕುರ್ಚಿ. ಹೆಂಡತಿ ನಕ್ಕಳು, ನಾಲ್ಕನೇ ದಿನ ತಾನೂ ಬಂದು ಕೂತಳು. ಒಂದೇ ಒಂದು ಹೊಸದು ಸೇರಿಸಿದೆ: ಓದಿದ ಕೀರ್ತನೆಯನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯುವುದು, 1ರಿಂದ ಹಿಡಿದು ಕ್ರಮವಾಗಿ. ಬರೆಯುವಾಗ ಕಣ್ಣು ಹಾರಿಸಿ ಮುಂದೆ ಹೋಗೋಕೆ ಆಗಲ್ಲ, ಅಲ್ವಾ? ಅದು ನನಗೆ ಬೇಕಿತ್ತು.

ಮೂರು ತಿಂಗಳು ದಾಟಿದ ಮೇಲೆ 88 ಬಂತು. ಅಜ್ಜಿಯ ಪುಸ್ತಕದಲ್ಲಿ ಎಲ್ಲ ಕೀರ್ತನೆಗಳ ಅಂಚಿನಲ್ಲೂ ಪೆನ್ಸಿಲ್ ಗೀಟು ಇತ್ತು, ಇದಕ್ಕೆ ಇರಲಿಲ್ಲ. ಅವಳು ನಮಗೆ ಇದನ್ನು ಓದಿಸಿಯೇ ಇರಲಿಲ್ಲ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಎಷ್ಟೇ ಅತ್ತರೂ ಎಲ್ಲೋ ಒಂದು ಕಡೆ ತಿರುಗಿ ಸ್ತುತಿಸುತ್ತವೆ. ಇದು ತಿರುಗುವುದೇ ಇಲ್ಲ. ಹಗಲೂ ರಾತ್ರಿ ಕೂಗಿದೆ, ಯಾಕೆ ಮುಖ ಮರೆಸಿಕೊಂಡೆ ಅಂತ ಕೇಳಿ ಕೇಳಿ, ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯ ಸಾಲು ಬರೆದು ಪೆನ್ನು ಕೆಳಗಿಟ್ಟೆ. ತಂಗಿ ನೆನಪಾದಳು.

ನನಗೆ ಹನ್ನೊಂದು, ಅವಳಿಗೆ ಏಳು. ಕಾಮಾಲೆ. ಒಂಬತ್ತು ರಾತ್ರಿ ಅದೇ ಚಾಪೆಯ ಮೇಲೆ ಅವಳ ಹೆಸರು ಹೇಳಿದೆವು. ಹತ್ತನೇ ದಿನ ಹೋದಳು. ಯೆಹೋವನೇ ಕೊಟ್ಟ, ಯೆಹೋವನೇ ತೆಗೆದುಕೊಂಡ ಅಂತ ಅಜ್ಜಿ ಒಮ್ಮೆ ಹೇಳಿ ಸುಮ್ಮನಾದಳು. ನಮ್ಮ ಮನೆಯ ಪಾಪಕ್ಕೆ ಹೀಗಾಯಿತು ಅಂತ ಬಂದ ನೆಂಟರು ಯಾರೋ ಅಂದರು. ಆಮೇಲೆ ನಾನು ಹಾಡಿದೆ, ಓದಿದೆ, ಚರ್ಚಿನಲ್ಲಿ ನಂಬಿಕೆ ಒಪ್ಪಿ ಹೇಳುವ ದೃಢೀಕರಣವೂ ಆಯಿತು. ಆದರೆ ಯಾರ ಹೆಸರನ್ನೂ ಮನಸ್ಸಿನಿಂದ ಹೇಳಲಿಲ್ಲ. ಭಾನುವಾರದ ಡ್ಯೂಟಿ ಬಂದದ್ದು ಹದಿನೈದು ವರ್ಷ ಆದ ಮೇಲೆ. ಪಾಪ, ಅದರ ಮೇಲೆ ಸುಮ್ನೆ ತಪ್ಪು ಹೊರಿಸಿದ್ದೆ.

ಆ ಸಂಜೆ ಹೆಸರುಗಳ ಹೊತ್ತಿಗೆ ತಂಗಿಯ ಹೆಸರು ಹೇಳಿದೆ. ಬೇಡಿಕೆ ಏನೂ ಇಲ್ಲ. ಸ್ವಲ್ಪ ಜಗಳವೂ ಆಡಿದೆ. ಯಾರ ಹತ್ತಿರ ಮಾತಾಡುತ್ತಿದ್ದೇನೆ ಅನ್ನೋದು ಆಗ ಗೊತ್ತಿತ್ತು.

ಚಿಕ್ಕಂದಿನ ನಂಬಿಕೆಯನ್ನು ಪೂರ್ತಿಯಾಗಿ ವಾಪಸ್ ತಂದುಕೊಂಡೆ ಅಂತ ಹೇಳಲಾರೆ. ತಂದುಕೊಳ್ಳಬಾರದು ಅಂತಲೂ ಅನಿಸಿತು. ಕಾಯಿಲೆ ಪಾಪಕ್ಕೆ ಶಿಕ್ಷೆ ಅನ್ನೋ ಮಾತು ಆ ಟ್ರಂಕಿನಲ್ಲೇ ಇರಲಿ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಅಂತ ಶಿಷ್ಯರು ಕೇಳುತ್ತಾರೆ. ಇಬ್ಬರೂ ಅಲ್ಲ ಅನ್ನುತ್ತಾನೆ ಯೇಸು. ವಾರ್ಡಿನಲ್ಲಿ ಈ ಪ್ರಶ್ನೆಯನ್ನು ರೋಗಿಗಳು ತಮ್ಮ ಮೇಲೆಯೇ ಹಾಕಿಕೊಂಡು ಮಲಗಿರುತ್ತಾರೆ. ಎಲ್ಲ ಧರ್ಮದವರೂ.

ಕೊನೆಯ ವರ್ಬೇಟಿಮ್‌ನಲ್ಲಿ ನನ್ನ ಮಾತು ಆರು ಸಾಲು ಇತ್ತು. ಕಲಿಸುವವರು ಏನೂ ಹೇಳಲಿಲ್ಲ, ಹಾಳೆ ಮಡಚಿ ವಾಪಸ್ ಕೊಟ್ಟರು.

ತರಬೇತಿ ಮುಗಿದು ಸೇವೆ ಶುರುವಾದ ಮೊದಲ ಮಂಗಳವಾರ, ಗಂಡಸರ ವಾರ್ಡಿನಲ್ಲಿ ಒಬ್ಬ ಹಿರಿಯರು ನನ್ನನ್ನೇ ದಿಟ್ಟಿಸಿ ನೋಡಿದರು. 'ನೀವು ಮುಂಡರಗಿ ಗಾಡಿ ಕಂಡಕ್ಟರ್ ಅಲ್ಲೇನ್ರಿ?'

'ಹೌದ್ರಿ.'

'ಟಿಕೆಟ್ ಹಿಂದ ಚಿಲ್ಲರೆ ಬರದು ಕೊಟ್ಟಿದ್ರಿ. ಎರಡು ರೂಪಾಯಿ. ಇಳಿಯೂದ್ರಾಗ ಮರತಬಿಟ್ಟೆ.'

ಜೇಬಿನಿಂದ ನಾಣ್ಯ ತೆಗೆದು ಅವರ ಕೈಗೆ ಇಟ್ಟೆ. ನಕ್ಕರು. ನಗುತ್ತಾ ಕೆಮ್ಮಿದರು. ನಾಳೆ ಆಪರೇಷನ್ ಅಂದರು. ಪ್ರಾರ್ಥನೆ ಮಾಡಲೇ ಅಂತ ಕೇಳಿದೆ. 'ಬ್ಯಾಡ್ರಿ,' ಅಂದರು, 'ಸ್ವಲ್ಪ ಕುಂದರ್ರಿ.'

ಸ್ಟೂಲ್ ಎಳೆದುಕೊಂಡು ಕೂತೆ. ಹತ್ತು ನಿಮಿಷ ದಾಟಿತ್ತು ಅನಿಸುತ್ತದೆ. ಮನೆಗೆ ಬಂದು ಸಂಜೆ ಅವರ ಹೆಸರು ಹೇಳಿದೆ.