ವಯಸ್ಸಾದವರಿಗೆ ಕೈಲಾಗ್ತಿಲ್ಲ ಅಂತ ಮೊದಲೇ ಗುರುತಿಸೋದು ಹೇಗೆ

ಸ್ಟ್ರೋಕ್ ಥರದ್ದು ಬಿಟ್ರೆ ಎಲ್ಲಾ ಒಂದೇ ಸಲ ಕೈಕೊಡಲ್ಲ, ಸಾಮಾನ್ಯವಾಗಿ ಮೊದಲು ಮಾತ್ರೆ, ದುಡ್ಡಿನ ಲೆಕ್ಕ ತಪ್ಪತ್ತೆ, ಆಮೇಲೆ ಸ್ನಾನ, ಬಟ್ಟೆ, ಟಾಯ್ಲೆಟ್ಟು, ಊಟ ಮಾಡ್ಕೊಳ್ಳೋದು ಕೊನೇಗೆ. ಇದ್ರಲ್ಲಿ ಸ್ನಾನದಿಂದ ಊಟದವರೆಗಿನದ್ದು 1963ರಲ್ಲಿ ಅಮೆರಿಕದ ಡಾಕ್ಟರ್ ಸಿಡ್ನಿ ಕ್ಯಾಟ್ಜ್ ಮಾಡಿದ ಲಿಸ್ಟಲ್ಲಿರೋದು, ನಮ್ಮ ದೇಶದಲ್ಲಿ ವಯಸ್ಸಾದವರ ಬಗ್ಗೆ ಮಾಡೋ ಲಾಸಿ (LASI) ಸರ್ವೆನಲ್ಲೂ ಹೆಚ್ಚುಕಮ್ಮಿ ಇವೇ ಪ್ರಶ್ನೆ. ಆದ್ರೆ ದೇಶಕ್ಕೆ ತಕ್ಕಂಗೆ ಲೆಕ್ಕ ಬದಲಾಗತ್ತೆ, ಇಂಡಿಯನ್ ಟಾಯ್ಲೆಟ್ಟಲ್ಲಿ ಕೂತು ಏಳಕ್ಕಾಗದವರು ಕಮೋಡಿದ್ರೆ ಆರಾಮಾಗಿರ್ತಾರೆ.

ಹಾಗಾಗಿ "ಆಗತ್ತಾ?" ಅಂತ ಕೇಳ್ಬೇಡಿ, "ಆಗತ್ತಪ್ಪ" ಅಂತಾನೇ ಅಂತಾರೆ. ಬಚ್ಚಲಲ್ಲಿ ಏನು ಹಿಡ್ಕೊಂಡು ಏಳ್ತಾರೆ ನೋಡಿ. ನಮ್ಮಮ್ಮ ನಲ್ಲಿ ಹಿಡ್ಕೊಂಡು ಏಳೋರು, ಅದು ಅಲ್ಲಾಡಕ್ಕೆ ಶುರುವಾದ್ಮೇಲೇ ನಮಗೆ ಗೊತ್ತಾಗಿದ್ದು! ತಿಂಗಳಿಗೊಂದ್ಸಲ ಬರೆದಿಡಿ. ಜಪಾನಲ್ಲಿ 2000ದಿಂದ ಇದಕ್ಕೇ ಇನ್ಶೂರೆನ್ಸಿದೆ, 7 ಹಂತ ಮಾಡಿ ಸಹಾಯ ಕೊಡ್ತಾರೆ, ಇಲ್ಲಿ ಆ ಲೆಕ್ಕ ಮನೆಯವರೇ ಇಡ್ಬೇಕು. ಮೊದಲು ಗೋಡೆಗೊಂದು ಗಟ್ಟಿ ಹಿಡಿ ಹಾಕ್ಸಿ.