ಪಿಸ್ಟನ್ಸ್ 2024-25ರಲ್ಲಿ ಎಷ್ಟು ಗೆಲ್ಲಬಹುದು? ನಾನು ಲೆಕ್ಕ ಹಾಕಿದ ಬಗೆ

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಡೆಟ್ರಾಯಿಟ್ ಪಿಸ್ಟನ್ಸ್ ಹೆಸರೆತ್ತಿದರೆ ಇಲ್ಲಿ ಮಿಷಿಗನ್‌ನಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ ಮಾತಾಡುತ್ತಾರೆ. ನಗದೆ ಏನು ಮಾಡಿಯಾರು? 2023-24ರಲ್ಲಿ 82 ಪಂದ್ಯ ಆಡಿ ಗೆದ್ದದ್ದು 14. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ 28ರವರೆಗೆ ಸತತ 28 ಸೋಲು. ಒಂದೇ ಋತುವಿನಲ್ಲಿ ಎನ್‌ಬಿಎಯ ಬೇರೆ ಯಾವ ತಂಡವೂ ಅಷ್ಟು ಉದ್ದಕ್ಕೆ ಸೋತಿಲ್ಲ. 1989, 1990 ಮತ್ತು 2004ರಲ್ಲಿ ಚಾಂಪಿಯನ್ ಆದ ತಂಡ ಇದೇ ಅಂದರೆ ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ನಂಬುವುದಿಲ್ಲ.

ಆದರೂ ಅಕ್ಟೋಬರ್ ಬಂತೆಂದರೆ ಕೂತು ಲೆಕ್ಕ ಹಾಕುವುದು ನನ್ನ ಚಟ. ಇದು 2024ರ ಅಕ್ಟೋಬರ್‌ನಲ್ಲಿ, 2024-25ರ ಋತು ಶುರುವಾಗುವ ಮುನ್ನ ಹಾಕಿದ ಲೆಕ್ಕ. ಮಲ್ಲೇಶ್ವರದ ಬೀಗಲ್ಸ್ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಅಂಗಳದ ಬದಿಯಲ್ಲಿ ನಿಂತು ಆಟ ನೋಡಿ ಅಂಟಿದ ಹುಚ್ಚು ಒಂದು ಕಡೆ. ಹೊಟ್ಟೆಪಾಡಿಗೆ ಕಾರಿನ ಬಿಡಿಭಾಗಗಳ ವಾರಂಟಿ ಅಂಕಿಅಂಶ ನೋಡುವ ಕೆಲಸ ಇನ್ನೊಂದು ಕಡೆ. ಈ ವರ್ಷ ಏನೇನು ಕೆಟ್ಟು ವಾಪಸ್ ಬಂತು ಎಂದು ನೋಡಿ ಮುಂದಿನ ವರ್ಷ ಎಷ್ಟು ಬರಬಹುದು ಎಂದು ಹೇಳುವುದೇ ನನ್ನ ಉದ್ಯೋಗ. ದಸರಾ ಊಟದಲ್ಲಿ ಗೆಳೆಯನೊಬ್ಬ "ಏನ್ ಗುರೂ, ಈ ವರ್ಷನಾದ್ರೂ ಇಪ್ಪತ್ತು ದಾಟ್ತಾರಾ?" ಅಂದ. "ಇಪ್ಪತ್ತೆಂಟು" ಅಂದೆ. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಕ್ಕ. ಬಾಜಿ ಕಟ್ಟುವವರು ಕೂಡ 25ರ ಆಸುಪಾಸಿನಲ್ಲೇ ನಿಂತಿದ್ದಾರೆ. ನನ್ನ 28 ಬಂದದ್ದು ಹೀಗೆ.

ಮೊದಲನೆಯದಾಗಿ, ಹಿಂದಿನ ವರ್ಷದ ಗೆಲುವಿನ ಸಂಖ್ಯೆಯಿಂದ ನಾನು ಶುರು ಮಾಡುವುದಿಲ್ಲ. ಪಂದ್ಯವೊಂದಕ್ಕೆ ಸರಾಸರಿ ಎಷ್ಟು ಪಾಯಿಂಟ್ ಅಂತರದಲ್ಲಿ ಸೋತರು ಅಥವಾ ಗೆದ್ದರು ಎನ್ನುವುದನ್ನು ಹಿಡಿಯುತ್ತೇನೆ. ಕೊನೆ ಗಳಿಗೆಯಲ್ಲಿ ಕೈತಪ್ಪಿದ ಪಂದ್ಯಗಳು ಗೆಲುವಿನ ಪಟ್ಟಿಯನ್ನು ಕೆಡಿಸುತ್ತವೆ, ಅಂತರವನ್ನು ಅಷ್ಟು ಕೆಡಿಸುವುದಿಲ್ಲ. ಆ 28ನೇ ಸೋಲನ್ನೇ ನೋಡಿ, ಬಾಸ್ಟನ್‌ನಂಥ ಬಲಾಢ್ಯ ತಂಡದ ಎದುರು, ಅವರ ಊರಲ್ಲಿ, ಓವರ್‌ಟೈಮ್‌ವರೆಗೆ ಎಳೆದು ಸೋತದ್ದು. ಸರಾಸರಿ ಒಂದು ಪಾಯಿಂಟ್ ಅಂತರಕ್ಕೆ ಋತುವಿನಲ್ಲಿ ಸುಮಾರು 2.7 ಗೆಲುವು ಎಂದು ಹಿಡಿಯುವುದು ರೂಢಿ. ಪಿಸ್ಟನ್ಸ್ ಅಂತರ ಮೈನಸ್ 9. ಸಮಬಲದ ತಂಡದ 41 ಗೆಲುವಿನಿಂದ ಅಷ್ಟನ್ನು ಕಳೆದರೆ 17. ಅಂದರೆ 14 ಗೆದ್ದ ಈ ತಂಡ ನಿಜಕ್ಕೂ 17ರ ಯೋಗ್ಯತೆಯದು. ದೊಡ್ಡ ಸಮಾಧಾನವೇನಲ್ಲ, ಒಪ್ಪುತ್ತೇನೆ.

ಮುಂದಿನದೇ ಮುಖ್ಯ: ಮಿನಿಟುಗಳ ಲೆಕ್ಕ. ಒಂದು ಪಂದ್ಯ 48 ಮಿನಿಟು, ಅಂಗಳದಲ್ಲಿ ಐದು ಜನ, ಒಟ್ಟು 240 ಮಿನಿಟು. ಕೋಚ್ ಯಾರೇ ಆಗಲಿ, ಹಂಚುವುದು ಇದನ್ನೇ. ಅಭಿಮಾನಿಗಳು ತಾರೆ ಸಿಕ್ಕನೋ ಇಲ್ಲವೋ ಎಂದು ನೋಡುತ್ತಾರೆ. ನನ್ನ ಕಣ್ಣು ಇರುವುದು ಪಟ್ಟಿಯ ಕೆಳಭಾಗದ ಮೇಲೆ. ಸರಾಸರಿ ಆಟಗಾರನಿಗಿಂತ 48 ಮಿನಿಟಿಗೆ 5 ಪಾಯಿಂಟ್ ಕಡಿಮೆ ತೂಗುವವನು ದಿನಾ 24 ಮಿನಿಟು ಆಡಿದರೆ ತಂಡಕ್ಕೆ ಎರಡೂವರೆ ಪಾಯಿಂಟ್ ಖೋತಾ. ಅವನ ಜಾಗಕ್ಕೆ ಬರೀ 1 ಪಾಯಿಂಟ್ ಕಡಿಮೆ ತೂಗುವ, ಯಾರೂ ಪೋಸ್ಟರ್ ಅಂಟಿಸಿಕೊಳ್ಳದ ಸಾಧಾರಣ ಆಟಗಾರ ಬಂದರೆ ಖೋತಾ ಅರ್ಧ ಪಾಯಿಂಟಿಗೆ ಇಳಿಯುತ್ತದೆ. ಉಳಿದ 2 ಪಾಯಿಂಟ್ ಅಂದರೆ ಐದಕ್ಕೂ ಹೆಚ್ಚು ಗೆಲುವು, ಒಬ್ಬ ತಾರೆಯೂ ಇಲ್ಲದೆ!

ಕಳೆದ ಸಲ ಪಿಸ್ಟನ್ಸ್ ಬಳಿ ಇಂಥ ಖೋತಾ ಮಿನಿಟುಗಳು ತುಂಬಿ ತುಳುಕುತ್ತಿದ್ದವು. ಆರು ವರ್ಷಕ್ಕೆ 78.5 ಮಿಲಿಯನ್ ಡಾಲರ್ ಕೊಟ್ಟು ಕರೆತಂದ ಕೋಚ್ ಮಾಂಟಿ ವಿಲಿಯಮ್ಸ್ ಋತುವಿನ ಆರಂಭದಲ್ಲಿ ಜೇಡನ್ ಐವಿಯನ್ನು ಬೆಂಚಿನಲ್ಲಿ ಕೂರಿಸಿ ಕಿಲಿಯನ್ ಹೇಯ್ಸ್‌ನನ್ನು ಮೊದಲ ಐವರಲ್ಲಿ ಆಡಿಸಿದರು. ಫೆಬ್ರವರಿಯಲ್ಲಿ ತಂಡವೇ ಹೇಯ್ಸ್‌ನನ್ನು ಬಿಟ್ಟುಕೊಟ್ಟಿತು. ಐವರೂ ಬೆಂಚಿನವರೇ ಇರುವ ಜೋಡಣೆಯನ್ನು ಇಳಿಸಿ ಅಂತರ ಕೈಮೀರುವವರೆಗೆ ಕಾದದ್ದೂ ಉಂಟು. ಒಂದೇ ಋತುವಿಗೆ ಅವರಿಗೆ ಬೀಳ್ಕೊಡುಗೆಯಾಯಿತು.

ಈ ಬೇಸಿಗೆಯಲ್ಲಿ ಹೊಸ ಮುಖ್ಯಸ್ಥ ಟ್ರೇಜನ್ ಲ್ಯಾಂಗ್ಡನ್ ತಂದವರು ಟೋಬಿಯಾಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್. ಹ್ಯಾರಿಸ್ ಹಿಂದೆಯೂ ಇಲ್ಲಿ ಆಡಿದವರು, ಎರಡು ವರ್ಷಕ್ಕೆ 52 ಮಿಲಿಯನ್. ಬೀಸ್ಲಿಗೆ ಒಂದು ವರ್ಷಕ್ಕೆ 6 ಮಿಲಿಯನ್. ಹಾರ್ಡವೇಯನ್ನು ಡಲ್ಲಾಸ್ ಮೂರು ಎರಡನೇ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಜೊತೆ ಕೊಟ್ಟು ಕಳಿಸಿತು. ಬದಲಿಗೆ ಇಲ್ಲಿಂದ ಹೋದದ್ದು ಕ್ವೆಂಟಿನ್ ಗ್ರೈಮ್ಸ್. ಸುದ್ದಿ ಓದಿ ಊರೆಲ್ಲ ಆಕಳಿಸಿತು. ನಾನು ಮಾತ್ರ ಎಕ್ಸೆಲ್ ತೆರೆದೆ. ಮೂವರೂ ಸೇರಿ ದಿನಕ್ಕೆ 80 ಮಿನಿಟು ಆಡುತ್ತಾರೆ ಎಂದುಕೊಳ್ಳೋಣ. ಅವರು ಕಿತ್ತುಕೊಳ್ಳುವ ಮಿನಿಟುಗಳ ತೂಕ ಮೈನಸ್ 4, ಇವರದು ಮೈನಸ್ 1 ಎಂದಿಟ್ಟರೆ ಲಾಭ ಪಂದ್ಯಕ್ಕೆ 5 ಪಾಯಿಂಟ್. ಫೆಬ್ರವರಿಯವರೆಗೆ ಇದ್ದು ನ್ಯೂಯಾರ್ಕಿಗೆ ಹೋದ ಬೊಗ್ದಾನೊವಿಚ್, ಬರ್ಕ್ಸ್ ಈಗಿಲ್ಲವಲ್ಲ, ಅದಕ್ಕೆ 1 ಕಳೆದೆ. ಮೈನಸ್ 9 ಇದ್ದದ್ದು ಮೈನಸ್ 5 ಆಯಿತು.

ಇಷ್ಟನ್ನು ಅಂಕಿ ಹೇಳುತ್ತದೆ. ಅಂಕಿ ನಂಬಬಹುದೇ ಎಂದು ಕಣ್ಣಲ್ಲಿ ನೋಡಬೇಕು. ಲಿಟಲ್ ಸೀಸರ್ಸ್ ಅರೀನಾದಲ್ಲಿ ನಾನು ಕೂರುವುದು ಮೇಲಿನ ಅಗ್ಗದ ಸೀಟುಗಳಲ್ಲಿ. ಆಟಗಾರರ ಮುಖ ಕಾಣದಿದ್ದರೂ ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದು ಚೊಕ್ಕವಾಗಿ ಕಾಣುತ್ತದೆ. ಕೇಡ್ ಕನಿಂಗ್‌ಹ್ಯಾಮ್ ಚೆಂಡು ಹಿಡಿದು ನಡುವಿನಲ್ಲಿ ಬರುತ್ತಾನೆ, ಜೇಲನ್ ಡ್ಯೂರನ್ ಸ್ಕ್ರೀನ್ ಹಾಕಿ, ಅಂದರೆ ಎದುರಾಳಿಗೆ ಅಡ್ಡ ನಿಂತು, ರಿಂಗಿನತ್ತ ನುಗ್ಗುತ್ತಾನೆ. ಆಗ ನಾನು ಇವರಿಬ್ಬರನ್ನೂ ಬಿಟ್ಟು, ಎದುರು ಬದಿಯ ಕಾರ್ನರ್‌ನಲ್ಲಿರುವ ಡಿಫೆಂಡರ್‌ನ ಕಾಲು ನೋಡುತ್ತೇನೆ. ಕಳೆದ ವರ್ಷ ಆ ಮೂಲೆಯಲ್ಲಿ ಆಸರ್ ಥಾಂಪ್ಸನ್ ನಿಂತಿದ್ದರೆ ಡಿಫೆಂಡರ್ ಅವನತ್ತ ತಿರುಗಿಯೂ ನೋಡದೆ ರಿಂಗಿನ ಕೆಳಗೆ ಬಂದು ನಿಲ್ಲುತ್ತಿದ್ದ. ದೂರದಿಂದ ಎಸೆಯುವ ತ್ರೀ-ಪಾಯಿಂಟ್‌ನಲ್ಲಿ ಥಾಂಪ್ಸನ್‌ನ ಗುರಿ 18.6 ಶೇಕಡಾ, ಯಾರು ಹೆದರುತ್ತಾರೆ? ಡ್ಯೂರನ್‌ಗೆ ದಾರಿ ಬಂದ್, ಕೇಡ್ ಎದುರು ಮೂವರು. ಈಗ ಅದೇ ಮೂಲೆಯಲ್ಲಿ ಬೀಸ್ಲಿ ನಿಲ್ಲುತ್ತಾನೆ, ಮಿಲ್ವಾಕೀಯಲ್ಲಿ ಕಳೆದ ಋತು 41 ಶೇಕಡಾ ಹಾಕಿದವನು. ಡಿಫೆಂಡರ್ ಒಂದು ಹೆಜ್ಜೆ ಒಳಗಿಡುತ್ತಾನೆ, ಹಿಂತೆಗೆಯುತ್ತಾನೆ. ಆ ಅರ್ಧ ಹೆಜ್ಜೆ ಹೊಯ್ದಾಟ ಕೇಡ್‌ಗೆ ಸಾಕು. ಕಳೆದ ವರ್ಷ ಇಷ್ಟು ಇಕ್ಕಟ್ಟಿನಲ್ಲೂ ಪಂದ್ಯಕ್ಕೆ 22.7 ಪಾಯಿಂಟ್ ಹಾಕಿದ ಹುಡುಗ ಅವನು.

ಎಳೆಯರ ಬೆಳವಣಿಗೆಗೆ ನಾನು ಕೊಡುವುದು 1 ಪಾಯಿಂಟ್ ಮಾತ್ರ. ಜಿಪುಣತನ ಅನ್ನಿಸಬಹುದು. ಕೇಡ್‌ಗೆ 23, ಐವಿಗೆ 22, ಡ್ಯೂರನ್‌ಗೆ ಇನ್ನೂ 20. ಬೆಳೆಯುತ್ತಾರೆ, ಆದರೆ ಯಾವ ವರ್ಷ ಎಂದು ಮುಂಚೆ ಹೇಳಲಾಗದು. ಥಾಂಪ್ಸನ್ ಮಾರ್ಚ್‌ನಿಂದ ರಕ್ತ ಹೆಪ್ಪುಗಟ್ಟಿದ ತೊಂದರೆಯಲ್ಲಿ ಹೊರಗಿದ್ದಾನೆ. ಡ್ರಾಫ್ಟ್‌ನಲ್ಲಿ ಬಂದ ರಾನ್ ಹಾಲೆಂಡ್‌ಗೆ 19. ಆ ವಯಸ್ಸಿನವರು ಮೊದಲ ವರ್ಷ ಗೆಲ್ಲಿಸಿಕೊಡುವುದು ಅಪರೂಪ. ಡ್ರಾಫ್ಟ್ ಸರದಿ ನಿರ್ಧರಿಸುವ ಲಾಟರಿಯ ಮಾತೆತ್ತಿದರೆ ಮೈ ಉರಿಯುತ್ತದೆ. ಎರಡು ವರ್ಷ ಲೀಗಿಗೇ ಕೊನೆಯವರಾದರೂ ಎರಡೂ ಸಲ ಸಿಕ್ಕಿದ್ದು 5ನೇ ಪಿಕ್, ಅದರ ಹಿಂದಿನ ವರ್ಷವೂ 5. ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಸಾಧ್ಯತೆ ಇದ್ದದ್ದು ತಲಾ 14 ಶೇಕಡಾ ಅಷ್ಟೇ. ಸೋತು ಸೋತು ತಂಡ ಕಟ್ಟುತ್ತೇವೆ ಎನ್ನುವವರು ಈ ಮೂರು 5ಗಳನ್ನು ಗೋಡೆಗೆ ತೂಗುಹಾಕಿಕೊಳ್ಳಲಿ.

ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್‌ಗೆ ನಾನು ಪ್ರತ್ಯೇಕ ಅಂಕ ಕೊಟ್ಟಿಲ್ಲ, ಮನಸ್ಸಲ್ಲಿ ಕೊಟ್ಟಿದ್ದೇನೆ. ಕ್ಲೀವ್‌ಲ್ಯಾಂಡ್ ಅವರ ಕೈಯಲ್ಲಿ 72 ಪಂದ್ಯಗಳ ಋತುವಿನಲ್ಲಿ 22 ಗೆದ್ದಿತ್ತು, ಮರುವರ್ಷ 82ರಲ್ಲಿ 44, ಅದರ ಮರುವರ್ಷ 51. ಅಲ್ಲಿ ಅವರು ಮೊದಲು ಸರಿ ಮಾಡಿದ್ದು ಡಿಫೆನ್ಸ್.

ಹೀಗಾಗಿ ಅಂತರ ಮೈನಸ್ 4, ಲೆಕ್ಕಕ್ಕೆ 30 ಗೆಲುವು. ಅದರಲ್ಲಿ 2 ಕಳೆದದ್ದು ಫೆಬ್ರವರಿಯ ಭಯಕ್ಕೆ. ಪೂರ್ವ ವಿಭಾಗದಲ್ಲಿ ಕಳೆದ ಸಲ ಹತ್ತನೆಯದಾಗಿ ಪ್ಲೇ-ಇನ್‌ಗೆ, ಅಂದರೆ ಪ್ಲೇಆಫ್‌ನ ಕೊನೆಯ ಜಾಗಗಳಿಗಾಗಿ ನಡೆಯುವ ಪಂದ್ಯಗಳಿಗೆ, ಬಂದ ಅಟ್ಲಾಂಟಾ 36 ಗೆದ್ದಿತ್ತು. ಆಟಗಾರರನ್ನು ಬೇರೆ ತಂಡಕ್ಕೆ ಕೊಡಲು ಫೆಬ್ರವರಿಯಲ್ಲಿರುವ ಟ್ರೇಡ್ ಗಡುವಿನ ಹೊತ್ತಿಗೆ ಪಿಸ್ಟನ್ಸ್ ಆ ಹಾದಿಯಲ್ಲಿ ಇಲ್ಲದಿದ್ದರೆ ಬೀಸ್ಲಿಯನ್ನೋ ಹಾರ್ಡವೇಯನ್ನೋ ಮಾರಿಬಿಡುತ್ತಾರೆ. ಇಬ್ಬರ ಒಪ್ಪಂದವೂ ಈ ಋತುವಿಗೇ ಮುಗಿಯುತ್ತದೆ. ಆಗ ಕಾರ್ನರ್ ಮತ್ತೆ ಖಾಲಿ. ಹಾದಿಯಲ್ಲಿದ್ದರೆ ಮಾರುವುದಿಲ್ಲ, ನನ್ನ 28 ಕಡಿಮೆಯಾಯಿತು ಎಂದಾಗುತ್ತದೆ. ಮೊದಲ ಪಂದ್ಯ ಅಕ್ಟೋಬರ್ 23ಕ್ಕೆ, ನಮ್ಮೂರಲ್ಲೇ, ಇಂಡಿಯಾನಾ ಎದುರು.